ಮೂರು ಮಿಲಿಮೀಟರ್ ಸಂದಿ: ಡ್ರಾಯಿಂಗ್ ಮತ್ತು ಲೆಕ್ಕ ಇನ್ನೂ ಯಾಕೆ ಕೂಡಿಕೊಂಡಿಲ್ಲ

ಒಂದು ಬೀಮ್ ಇದೆ ಅಂದುಕೊಳ್ಳಿ. ಉದ್ದ 6 ಮೀಟರ್. ಎರಡೂ ತುದಿಗೆ ಒಂದೊಂದು ದಪ್ಪ ಕಾಲಂ. ಮೇಲೆ ಪ್ರತಿ ಮೀಟರಿಗೆ 20 ಕಿಲೋನ್ಯೂಟನ್ ಭಾರ. ಎರಡೂ ತುದಿ ಬಿಗಿಯಾಗಿ ಕೂತಿದ್ದರೆ, ತುದಿಯಲ್ಲಿ ಬರುವ ಮೊಮೆಂಟ್ (ಬೀಮನ್ನು ಬಗ್ಗಿಸುವ ತಿರುವಿನ ಬಲ) 60 ಕಿಲೋನ್ಯೂಟನ್-ಮೀಟರ್.

ಈಗ ಡ್ರಾಯಿಂಗ್ ಮಾಡುವವರು ಮೌಸ್ ಬಿಡುವಾಗ ಒಂದು ತುದಿ 3 ಮಿ.ಮೀ. ಹಿಂದೆ ಉಳಿಯಿತು. ಪರದೆಯ ಮೇಲೆ ಏನೂ ಗೊತ್ತಾಗುವುದಿಲ್ಲ. 1:100 ಅಳತೆಯಲ್ಲಿ ಪ್ರಿಂಟ್ ತೆಗೆದರೆ ಆ ಸಂದಿ 0.03 ಮಿ.ಮೀ., ಗೆರೆಯ ದಪ್ಪವೇ ಅದಕ್ಕಿಂತ ಜಾಸ್ತಿ. ಕಾಂಕ್ರೀಟ್ ಹಾಕುವವರಿಗೆ ಇದರಿಂದ ಕೂದಲಷ್ಟೂ ತೊಂದರೆಯಿಲ್ಲ. ಆದರೆ ಇದೇ ಫೈಲನ್ನು ಬಲದ ಲೆಕ್ಕ ಮಾಡುವ ಅನಾಲಿಸಿಸ್ ಸಾಫ್ಟ್‌ವೇರ್‌ಗೆ ಕಳಿಸಿದರೆ ಅದು ಆ ತುದಿಯನ್ನು ಗಾಳಿಯಲ್ಲಿ ಬಿಟ್ಟ ತುದಿ ಎಂದು ಓದುತ್ತದೆ. ಬೀಮ್ ಈಗ ಒಂದೇ ಕಾಲಂಗೆ ಅಂಟಿಕೊಂಡು ಆಚೆ ಚಾಚಿದೆ. ಆ ಕಾಲಂ ಹತ್ತಿರದ ಮೊಮೆಂಟ್ 60 ಹೋಗಿ 360 ಆಗುತ್ತದೆ. ಬಾಗು 48 ಪಟ್ಟು ಹೆಚ್ಚುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ, ಯಾಕೆಂದರೆ ಒಂದು ಕಡೆ ಮಾತ್ರ ಹಿಡಿದ ಬೀಮ್ ಕೂಡ ಲೆಕ್ಕದ ಪ್ರಕಾರ ಸರಿಯಾದ ಬೀಮೇ.

ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರನ್ನೂ ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರನ್ನೂ ಜೋಡಿಸುವ ಕೆಲಸ ಹಲವು ದಶಕಗಳಿಂದ ನಡೆಯುತ್ತಿದೆ. ಹೊಸ ಆವೃತ್ತಿ ಬಂದಾಗಲೆಲ್ಲ ‘ಇನ್ನು ಮುಂದೆ ಒಂದೇ ಮಾಡೆಲ್ ಸಾಕು’ ಎಂಬ ಮಾತು ಕೇಳಿಬರುತ್ತದೆ. ಹಾಗಾದರೆ ಕೈಯಲ್ಲಿ ಈ ಕೆಲಸ ಮಾಡುವವರು ಇವತ್ತಿಗೂ ಯಾಕೆ ಅರ್ಧ ದಿನ ಕೂತು, ಗೆರೆಗಳು ಕೂಡುವ ಬಿಂದುಗಳಾದ ನೋಡ್‌ಗಳನ್ನು ಸರಿ ಮಾಡುತ್ತಾರೆ? ಫೈಲ್ ಫಾರ್ಮ್ಯಾಟ್ ಸರಿ ಇಲ್ಲ ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ.

ಡ್ರಾಯಿಂಗ್ ಮಾಡೆಲ್ ಹೇಳುವುದು ಅಲ್ಲಿ ಏನಿದೆ ಅಂತ. ಅನಾಲಿಸಿಸ್ ಮಾಡೆಲ್ ಹೇಳುವುದು ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಎಂಜಿನಿಯರ್ ನಂಬಿದ್ದಾರೆ ಅಂತ. ಮೊದಲನೆಯದರಲ್ಲಿ ಕಾಲಂಗೆ ಅಗಲ, ದಪ್ಪ, ಮೈ ಎಲ್ಲ ಇದೆ. ಎರಡನೆಯದರಲ್ಲಿ ಕಾಲಂ ಅಂದರೆ ಒಂದು ಗೆರೆ. ಗೆರೆಯ ಎರಡು ತುದಿಗೆ ಎರಡು ನೋಡ್. ದಪ್ಪ ಎನ್ನುವುದು ಆ ಗೆರೆಗೆ ಅಂಟಿಸಿದ ಒಂದು ಅಂಕಿ ಅಷ್ಟೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಮಾಹಿತಿ ಸುಮ್ನೆ ಈ ಕಡೆಯಿಂದ ಆ ಕಡೆಗೆ ದಾಟುವುದಿಲ್ಲ. ನಡುವೆ ಯಾರೋ ಒಬ್ಬರು ತೀರ್ಮಾನ ಮಾಡಬೇಕು.

ಎಂಥ ತೀರ್ಮಾನ ಅಂತ ಹತ್ತಿರದಿಂದ ನೋಡೋಣ. ಕೆಳಗಿನ ಮಹಡಿಯಲ್ಲಿ 300 ಮಿ.ಮೀ. ಅಗಲದ ಕಾಲಂ. ಮೇಲಿನ ಮಹಡಿಯಲ್ಲಿ ಭಾರ ಕಡಿಮೆ, ಹಾಗಾಗಿ 230. ಹೊರಗೋಡೆ ಒಂದೇ ಸಮ ಕಾಣಬೇಕು, ಆದ್ದರಿಂದ ಎರಡರ ಹೊರಮೈ ಒಂದೇ ಗೆರೆಯಲ್ಲಿದೆ. ಡ್ರಾಯಿಂಗ್‌ನಲ್ಲಿ ಇದು ದಿನನಿತ್ಯದ ವಿಷಯ. ಆದರೆ ಎರಡರ ನಡುಗೆರೆ 35 ಮಿ.ಮೀ. ಆಚೀಚೆ ಆಯಿತು. ಅನಾಲಿಸಿಸ್ ಮಾಡೆಲ್‌ಗೆ ಬಂದಾಗ ಮೇಲಿನ ಗೆರೆ ಕೆಳಗಿನ ಗೆರೆಯ ಮೇಲೆ ಕೂರುವುದೇ ಇಲ್ಲ. ನಡುವೆ 35 ಮಿ.ಮೀ.ನ ಒಂದು ಗಟ್ಟಿ ತುಂಡು ಹಾಕಬೇಕಾ? ಹಾಕಿದರೆ ಮೇಲಿನ ಭಾರ ಪಕ್ಕಕ್ಕೆ ಸರಿದು ಬಂದದ್ದರಿಂದ ಆಗುವ ಹೆಚ್ಚುವರಿ ಮೊಮೆಂಟ್ ಸಿಗುತ್ತದೆ. ಅದು ನಿಜವಾದದ್ದೇ. ಅಥವಾ ಎರಡನ್ನೂ ಒಂದೇ ಗೆರೆಗೆ ಎಳೆದುಬಿಡಬೇಕಾ? ಚಿಕ್ಕ ಕಟ್ಟಡಗಳಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ.

ಸ್ಲ್ಯಾಬಿನ ಕಥೆಯೂ ಅಷ್ಟೆ. 150 ಮಿ.ಮೀ. ದಪ್ಪದ ಸ್ಲ್ಯಾಬ್, 500 ಮಿ.ಮೀ. ಆಳದ ಬೀಮ್, ಎರಡರ ಮೇಲ್ಮೈ ಒಂದೇ ಮಟ್ಟ. ಸ್ಲ್ಯಾಬಿನ ನಡು ಮೇಲಿನಿಂದ 75 ಮಿ.ಮೀ. ಕೆಳಗೆ, ಬೀಮಿನ ನಡು 250 ಕೆಳಗೆ. 175 ಮಿ.ಮೀ. ವ್ಯತ್ಯಾಸ. ಇದನ್ನು ಇದ್ದ ಹಾಗೇ ಇಟ್ಟರೆ ಸ್ಲ್ಯಾಬೂ ಬೀಮೂ ಸೇರಿ ಒಂದೇ ಟಿ ಆಕಾರದ ಬೀಮ್ ತರ ಕೆಲಸ ಮಾಡುತ್ತವೆ, ಬೀಮಿನಲ್ಲಿ ಎಳೆತ ಕಾಣಿಸಿಕೊಳ್ಳುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಬೀಮ್ ಬರೀ ಬಾಗುತ್ತದೆ, ಸರಳ. ಎರಡೂ ದಾರಿ ಸರಿ, ಆದರೆ ಕೊನೆಗೆ ಬರುವ ಕಂಬಿಯ ಲೆಕ್ಕ ಬೇರೆ ಬೇರೆ. ಯಾವುದು ಬೇಕು ಅಂತ ಫೈಲಿನಲ್ಲಿ ಬರೆದಿರುವುದಿಲ್ಲ. ಕೊಂಡಿಯ ಸಾಫ್ಟ್‌ವೇರ್ ತನ್ನ ಡೀಫಾಲ್ಟ್ (ಮೊದಲೇ ಇಟ್ಟುಕೊಂಡ ಆಯ್ಕೆ) ಹಾಕಿ ಮುಂದೆ ಹೋಗುತ್ತದೆ. ಅದು ಏನನ್ನು ಆರಿಸಿತು ಅಂತ ನಿಮಗೆ ಹೇಳುತ್ತದಾ? ಬಹಳ ಸಲ ಇಲ್ಲ.

ಹುಟ್ಟಿದಾಗ ಒಂದೇ ಮನೆಯಲ್ಲಿದ್ದವು

ಈ ಎರಡು ಸಾಫ್ಟ್‌ವೇರ್‌ಗಳು ಮೊದಲಿನಿಂದಲೂ ದೂರ ದೂರ ಇದ್ದವು ಅಂತ ಅನ್ನಿಸಬಹುದು. ಹಾಗೇನಿಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ತೋರಿಸಿದರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯುವ ಆ ಪ್ರೋಗ್ರಾಂ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಇವತ್ತಿನ ಕ್ಯಾಡ್‌ನ ಅಜ್ಜ. ಅದರಲ್ಲಿ ಸದರ್ಲ್ಯಾಂಡ್ ಕೊಟ್ಟ ಉದಾಹರಣೆಗಳಲ್ಲಿ ಒಂದು ಸೇತುವೆಯ ಟ್ರಸ್, ಅಂದರೆ ತ್ರಿಕೋನಗಳಾಗಿ ಜೋಡಿಸಿದ ಸಲಾಕೆಗಳ ಚೌಕಟ್ಟು. ಟ್ರಸ್ ಬರೆದು ಭಾರ ನೇತುಹಾಕಿದರೆ, ಯಾವ ಸಲಾಕೆಗೆ ಎಷ್ಟು ಬಲ ಬರುತ್ತದೆ ಎನ್ನುವುದು ಚಿತ್ರದ ಮೇಲೇ ಅಂಕಿಯಾಗಿ ಕಾಣುತ್ತಿತ್ತು. ಅಂದರೆ ಕ್ಯಾಡ್ ಹುಟ್ಟಿದ ದಿನವೇ ಲೆಕ್ಕವೂ ಅದರ ಜೊತೆಗಿತ್ತು!

ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಎಂಐಟಿಯಲ್ಲಿ ಸ್ಟೀವನ್ ಫೆನ್ವೆಸ್ ಮತ್ತು ಜೊತೆಯವರು ಕಟ್ಟಡದ ಲೆಕ್ಕ ಮಾಡುವ ಸ್ಟ್ರೆಸ್ ಎಂಬ ಪ್ರೋಗ್ರಾಂ ಬರೆದರು. ಅದರಲ್ಲಿ ಚಿತ್ರವೇ ಇಲ್ಲ. ‘ಜಾಯಿಂಟ್ ಕೋಆರ್ಡಿನೇಟ್ಸ್’ ಅಂತ ಬರೆದು ಒಂದೊಂದು ಜಾಯಿಂಟಿನ ಜಾಗ ಕೊಡಬೇಕು. ‘ಮೆಂಬರ್ ಇನ್ಸಿಡೆನ್ಸಸ್’ ಅಂತ ಬರೆದು ಯಾವ ಸಲಾಕೆ ಯಾವ ಎರಡು ಜಾಯಿಂಟ್‌ಗಳ ನಡುವೆ ಇದೆ ಅಂತ ಹೇಳಬೇಕು. ಸ್ಟಾಡ್ ಎಂಬ ಅನಾಲಿಸಿಸ್ ಸಾಫ್ಟ್‌ವೇರ್ ಬಳಸುವವರಿಗೆ ಈ ಎರಡು ಪದ ಕೇಳಿದ ಕೂಡಲೇ ನಗು ಬರಬಹುದು. ಇವತ್ತಿಗೂ ಅದರ ಇನ್‌ಪುಟ್ ಫೈಲ್ ತೆರೆದರೆ ಇದೇ ಪದಗಳಿವೆ.

ಸ್ಕೆಚ್‌ಪ್ಯಾಡ್ ಓಡಿಸಲು ಪರದೆ ಇರುವ, ಕೋಣೆ ತುಂಬುವ ಕಂಪ್ಯೂಟರ್ ಬೇಕಿತ್ತು. ಸ್ಟ್ರೆಸ್‌ಗೆ ಮಾಹಿತಿ ಕೊಡಲು ಪಂಚ್ ಕಾರ್ಡ್ (ತೂತು ಹಾಕಿದ ರಟ್ಟಿನ ಚೀಟಿ) ಸಾಕಿತ್ತು, ಪರದೆ ಬೇಡವಾಗಿತ್ತು. ಹಾಗಾಗಿ ಲೆಕ್ಕ ಅಕ್ಷರದ ದಾರಿ ಹಿಡಿಯಿತು, ಡ್ರಾಯಿಂಗ್ ಬೋರ್ಡಿನ ಮೇಲೇ ಉಳಿಯಿತು. 1982ರ ಡಿಸೆಂಬರ್‌ನಲ್ಲಿ ಆಟೋಕ್ಯಾಡ್ ಬಂದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಶುರುವಾದಾಗ ಎರಡೂ ಆಗಲೇ ಬೇರೆ ಸಂಸಾರ ಹೂಡಿಯಾಗಿತ್ತು.

ಆಮೇಲೆ ಕೊಂಡಿ ಹಾಕಿದ್ದು, ಒಂದು ಸಾಫ್ಟ್‌ವೇರಿನ ಡ್ರಾಯಿಂಗನ್ನು ಇನ್ನೊಂದಕ್ಕೆ ಒಯ್ಯುವ ಡಿಎಕ್ಸ್‌ಎಫ್ ಫೈಲ್. ಅದಕ್ಕೆ ಗೆರೆ ಗೊತ್ತು, ವೃತ್ತ ಗೊತ್ತು, ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ) ಗೊತ್ತು. ಬೀಮ್ ಗೊತ್ತಿಲ್ಲ. ಎಂಜಿನಿಯರ್‌ಗಳು ಕಂಡುಕೊಂಡ ಉಪಾಯ ಚೆನ್ನಾಗಿತ್ತು. ಡ್ರಾಯಿಂಗ್ ಮೇಲೆ ಒಂದು ಹೊಸ ಲೇಯರ್ ಹಾಕಿ ಬರೀ ನಡುಗೆರೆ ಎಳೆಯುವುದು. ಲೇಯರಿನ ಹೆಸರಲ್ಲೇ ಸೆಕ್ಷನ್, ಅಂದರೆ ಅಡ್ಡಕೊಯ್ತದ, ಅಳತೆ ಅಡಗಿಸುವುದು. 1986ರಿಂದ ಆಟೋಕ್ಯಾಡ್ ಒಳಗಿನ ಪ್ರೋಗ್ರಾಂ ಭಾಷೆ ಆಟೋಲಿಸ್ಪ್ ಕೈಗೆ ಬಂದ ಮೇಲೆ ಇದನ್ನೆಲ್ಲ ಓದಿ ಇನ್‌ಪುಟ್ ಫೈಲ್ ಬರೆದುಕೊಡುವ ಪುಟ್ಟ ಪ್ರೋಗ್ರಾಂಗಳನ್ನು ತಾವೇ ಮಾಡಿಕೊಂಡರು. ಒರಟು ವಿಧಾನ ನಿಜ. ಆದರೆ ಒಂದು ಒಳ್ಳೆಯ ಗುಣ ಇತ್ತು: ನಡುಗೆರೆ ಎಲ್ಲಿ ಹೋಗಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಮನುಷ್ಯ. 35 ಮಿ.ಮೀ. ವ್ಯತ್ಯಾಸ ಅವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು.

ನಂತರ ಬಂದ ಫಾರ್ಮ್ಯಾಟ್‌ಗಳ ಪಟ್ಟಿ ಉದ್ದ ಇದೆ, ಅದರಲ್ಲಿ ಎರಡು ಸಾಕು. ಉಕ್ಕಿನ ಕಟ್ಟಡಗಳಿಗಾಗಿ ಯುರೋಪಿನ ಸಿಮ್‌ಸ್ಟೀಲ್ ಯೋಜನೆಯಿಂದ ಬಂದ ಸಿಐಎಸ್/2 ಮೊದಲಿನದು. ಅನಾಲಿಸಿಸ್‌ಗೆ ಒಂದು ಮಾಡೆಲ್, ಡಿಸೈನ್‌ಗೆ ಒಂದು, ಕಾರ್ಖಾನೆಯಲ್ಲಿ ತಯಾರಿಸಲು ಇನ್ನೊಂದು ಎಂದು ಅದು ಮೂರನ್ನೂ ಬೇರೆ ಬೇರೆಯಾಗಿಟ್ಟು ನಡುವೆ ಸಂಬಂಧ ಬರೆದಿಟ್ಟುಕೊಳ್ಳುತ್ತಿತ್ತು. ಇದು ಬಹಳ ಬುದ್ಧಿವಂತ ವಿಚಾರ ಎಂದು ನನ್ನ ಅಭಿಪ್ರಾಯ, ಉಕ್ಕಿನ ಆಚೆಗೆ ಹೋಗಲಿಲ್ಲ ಅಷ್ಟೆ. ಇನ್ನೊಂದು, ಯಾವ ಒಂದು ಕಂಪನಿಯದೂ ಅಲ್ಲದ ಮುಕ್ತ ಕಟ್ಟಡ ಫಾರ್ಮ್ಯಾಟ್ ಐಎಫ್‌ಸಿ. 2013ರಲ್ಲಿ ಐಎಸ್‌ಒ 16739 ಎಂಬ ಸಂಖ್ಯೆಯಲ್ಲಿ ಪೂರ್ಣ ಅಂತಾರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಅನಾಲಿಸಿಸ್‌ಗೆ ಪ್ರತ್ಯೇಕ ಭಾಗವೇ ಇದೆ: ನೋಡ್, ಸಪೋರ್ಟ್ (ಆಸರೆ), ಲೋಡ್ (ಭಾರ) ಎಲ್ಲಕ್ಕೂ ಜಾಗ ಇದೆ. ಆದರೆ ಬಹುತೇಕ ಸಾಫ್ಟ್‌ವೇರ್‌ಗಳು ಐಎಫ್‌ಸಿ ಅಂದರೆ ಕಟ್ಟಡದ ಆಕಾರ ಮಾತ್ರ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಈ ಕೊರತೆ ತುಂಬಲು ಇತ್ತೀಚೆಗೆ ಬಂದಿರುವ ಎಸ್‌ಎಎಫ್ ಎಂಬ ಫಾರ್ಮ್ಯಾಟ್ ಏನು ಗೊತ್ತಾ? ಒಂದು ಎಕ್ಸೆಲ್ ಫೈಲ್. ತೆರೆದು ಕಣ್ಣಲ್ಲೇ ಓದಬಹುದು, ತಪ್ಪಿದ್ದರೆ ಕೈಯಲ್ಲೇ ತಿದ್ದಬಹುದು. ನಗಬೇಡಿ, ಅದರ ಬಲವೇ ಅದು.

ತಾನಾಗಿ ಆಗುತ್ತದೆ ಎಂಬ ಆಸೆ

2000ದಲ್ಲಿ ಕಟ್ಟಡವನ್ನು ಮೂರು ಆಯಾಮದಲ್ಲಿ ಮಾಡೆಲ್ ಮಾಡುವ ರೆವಿಟ್ ಬಂತು. 2002ರಲ್ಲಿ ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ಅದನ್ನು 13.3 ಕೋಟಿ ಡಾಲರ್‌ಗೆ ಕೊಂಡಿತು. 2005ರಲ್ಲಿ ರೆವಿಟ್ ಸ್ಟ್ರಕ್ಚರ್ ಬಂದಾಗ ಅದರ ದೊಡ್ಡ ಆಕರ್ಷಣೆ ಇದೇ: ನೀವು ಕಾಲಂ ಇಟ್ಟರೆ ಅದರ ಒಳಗೆ ಅನಾಲಿಸಿಸ್ ಗೆರೆ ತಾನಾಗಿಯೇ ಹುಟ್ಟುತ್ತದೆ. ಕಾಲಂ ಸರಿಸಿದರೆ ಗೆರೆಯೂ ಸರಿಯುತ್ತದೆ. ಒಂದೇ ಮಾಡೆಲ್, ಎರಡು ನೋಟ.

ಕೇಳಲು ಚೆಂದ. ಬಳಸಿದವರಿಗೆ ಗೊತ್ತು. ವಾಸ್ತುಶಿಲ್ಪಿ ಗೋಡೆಯ ಜೊತೆ ಸಮ ಕಾಣಲಿ ಎಂದು ಬೀಮನ್ನು ಒಂಚೂರು ಪಕ್ಕಕ್ಕೆ ತಳ್ಳಿದರೆ, ಒಳಗಿನ ಗೆರೆಯೂ ಪಕ್ಕಕ್ಕೆ ಹೋಗಿ ಕಾಲಂನ ಗೆರೆಯಿಂದ ಕಳಚಿಕೊಳ್ಳುತ್ತಿತ್ತು. ನಾನೇ ಒಮ್ಮೆ ಇಂಥ ಮಾಡೆಲ್ ಹಿಡಿದು ಕೂತಿದ್ದೆ. ಗೆರೆಗಳನ್ನು ಕೈಯಿಂದ ಎಳೆದು ಕೂಡಿಸಿದ್ದಾಯಿತು. ಸಂಜೆ ಡ್ರಾಯಿಂಗ್ ಕಡೆಯವರು ಗ್ರಿಡ್ (ಕಾಲಂಗಳ ಜಾಗ ಗುರುತಿಸುವ ಗೆರೆ) ಒಂದನ್ನು ಸ್ವಲ್ಪ ಸರಿಸಿದರು. ಕೂಡಿಸಿದ್ದರಲ್ಲಿ ಕೆಲವು ಮತ್ತೆ ಕಳಚಿದವು. ಯಾರ ತಪ್ಪೂ ಅಲ್ಲ, ಅವರ ಕೆಲಸ ಅವರು ಮಾಡಿದ್ದರು.

2023ರ ಆವೃತ್ತಿಯಲ್ಲಿ ಆಟೋಡೆಸ್ಕ್ ತಾನೇ ಈ ದಾರಿ ಬಿಟ್ಟಿತು. ಈಗ ಅನಾಲಿಸಿಸ್ ಗೆರೆ ಕಾಲಂ ಒಳಗೆ ತಾನಾಗಿ ಹುಟ್ಟುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬರೆಯಬೇಕು, ಇಲ್ಲವೇ ಒಂದು ಟೂಲ್ ಓಡಿಸಿ ಹುಟ್ಟಿಸಬೇಕು. ಬೇಕಿದ್ದರೆ ಈ ಗೆರೆ ಆ ಕಾಲಂನದು ಎಂದು ನಂಟು ಹಾಕಬಹುದು. ಹಲವರು ಇದನ್ನು ಹಿಂದಕ್ಕೆ ಇಟ್ಟ ಹೆಜ್ಜೆ ಎಂದು ಗೊಣಗಿದರು. ನನಗೇನೋ ಹಾಗನ್ನಿಸಲಿಲ್ಲ. ಸಿಐಎಸ್/2 ಹಿಂದೆಯೇ ಹೇಳಿದ್ದನ್ನು ಬೇರೆ ದಾರಿಯಲ್ಲಿ ಒಪ್ಪಿಕೊಂಡ ಹಾಗಾಯಿತು.

ವಾಪಸ್ ಬರುವ ದಾರಿ

ಡ್ರಾಯಿಂಗಿನಿಂದ ಲೆಕ್ಕಕ್ಕೆ ಹೋಗುವುದು ಕಷ್ಟ ಅಂದೆವು. ಲೆಕ್ಕದಿಂದ ಡ್ರಾಯಿಂಗಿಗೆ ವಾಪಸ್ ಬರುವುದು ಇನ್ನೂ ಕಷ್ಟ. ಡ್ರಾಯಿಂಗ್‌ನಲ್ಲಿ ಒಂದೇ ಉದ್ದ ಬೀಮ್. ಅದರ ಮೇಲೆ ಎರಡು ಕಡೆ ಚಿಕ್ಕ ಬೀಮ್‌ಗಳು ಬಂದು ಕೂರುತ್ತವೆ. ಹಲವು ಅನಾಲಿಸಿಸ್ ಮಾಡೆಲ್‌ಗಳಲ್ಲಿ ಅದು ಮೂರು ತುಂಡಾಗುತ್ತದೆ, ಯಾಕೆಂದರೆ ಅಲ್ಲಿ ನೋಡ್ ಬೇಕು. ಲೆಕ್ಕ ಮುಗಿದ ಮೇಲೆ ನಡುವಿನ ತುಂಡಿಗೆ ದೊಡ್ಡ ಸೆಕ್ಷನ್ ಬೇಕು ಎಂದು ಉತ್ತರ ಬಂತು. ವಾಪಸ್ ಹೋಗುವಾಗ ಕೊಂಡಿ ಏನು ಮಾಡಬೇಕು? ಮೂರು ತುಂಡನ್ನೂ ಒಂದೇ ಬೀಮ್ ಎಂದು ಗುರುತಿಸಿ ಪೂರ್ತಿ ದೊಡ್ಡದು ಮಾಡಬೇಕು. ಅದಕ್ಕೆ ಈ ಮೂರೂ ಆ ಒಂದರ ಮಕ್ಕಳು ಎಂಬ ನೆನಪು ಇರಬೇಕು.

ಆ ನೆನಪು ನಿಂತಿರುವುದು ಗುರುತಿನ ಸಂಖ್ಯೆಯ ಮೇಲೆ. ಐಎಫ್‌ಸಿಯಲ್ಲಿ ಪ್ರತಿ ವಸ್ತುವಿಗೂ 22 ಅಕ್ಷರಗಳ ಒಂದು ಗುರುತು ಇರುತ್ತದೆ. ಡ್ರಾಯಿಂಗ್ ಮಾಡುವವರು ಕಾಲಂ ಅನ್ನು ಸರಿಸಿದರೆ ಗುರುತು ಹಾಗೇ ಉಳಿಯುತ್ತದೆ. ಅದರ ಬದಲು ಅಳಿಸಿ, ಅದೇ ಜಾಗದಲ್ಲಿ ಅದೇ ಅಳತೆಯ ಹೊಸ ಕಾಲಂ ಹಾಕಿದರೆ? ನೋಡಲು ಏನೂ ಬದಲಾಗಿಲ್ಲ. ಸಾಫ್ಟ್‌ವೇರ್ ಲೆಕ್ಕದಲ್ಲಿ ಹಳೇ ಕಾಲಂ ಹೋಯಿತು, ಅದರ ಜೊತೆ ಅದಕ್ಕೆ ಹಾಕಿದ್ದ ಲೋಡ್, ಸಪೋರ್ಟ್ ಎಲ್ಲವೂ ಹೋಯಿತು. ಡ್ರಾಯಿಂಗ್ ಮೇಜಿನಲ್ಲಿ ‘ಅಳಿಸಿ ಮತ್ತೆ ಹಾಕಿಬಿಡು’ ಎನ್ನುವುದು ದಿನಕ್ಕೆ ಹತ್ತು ಸಲ ಕೇಳುವ ಮಾತು ಅಲ್ವಾ?

ಹೆಸರುಗಳ ಗೊಂದಲ ಬೇರೆ. ಅಮೆರಿಕದ ಡಬ್ಲ್ಯು 12×26 ಎಂಬ ಉಕ್ಕಿನ ಸೆಕ್ಷನ್ನೂ ಮೆಟ್ರಿಕ್‌ನ ಡಬ್ಲ್ಯು 310×38.7 ಕೂಡ ಒಂದೇ ಬೀಮ್, ಹೆಸರು ಎರಡು. ಒಂದು ಹೆಸರು ಗೊತ್ತಿರುವ ಸಾಫ್ಟ್‌ವೇರ್ ಇನ್ನೊಂದನ್ನು ನೋಡಿ ‘ಗೊತ್ತಿಲ್ಲ’ ಎಂದರೆ ಒಳ್ಳೆಯದು. ಸುಮ್ನೆ ಡೀಫಾಲ್ಟ್ ಸೆಕ್ಷನ್ ಹಾಕಿಕೊಂಡರೆ ಕೆಟ್ಟಿತು. ದಿಕ್ಕಿನ ವಿಷಯವೂ ಇದೆ. ಆಟೋಕ್ಯಾಡ್‌ನಲ್ಲಿ ಮೇಲಕ್ಕೆ ಹೋಗುವುದು ಝಡ್, ಸ್ಟಾಡ್‌ನಲ್ಲಿ ಮೊದಲಿನಿಂದಲೂ ವೈ. ಈ ತಿರುವು ಹಾಕುವಾಗ ಸೆಕ್ಷನ್ ತನ್ನ ಗೆರೆಯ ಸುತ್ತ 90 ಡಿಗ್ರಿ ತಿರುಗಿಬಿಟ್ಟರೆ, ಅದೇ ಡಬ್ಲ್ಯು 12×26 ಬಾಗದೆ ನಿಲ್ಲುವ ಶಕ್ತಿ ಸುಮಾರು 12ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗೆರೆಯಾಗಿ ಕಾಣುವ ಮಾಡೆಲ್‌ನಲ್ಲಿ ತಿರುಗಿದ ಗೆರೆ, ತಿರುಗದ ಗೆರೆ ಎರಡೂ ಒಂದೇ ತರ ಕಾಣುತ್ತವೆ.

ಮತ್ತೆ 3 ಮಿ.ಮೀ. ಸಂದಿಗೆ ಬರೋಣ. ಇದಕ್ಕೆ ಸಾಫ್ಟ್‌ವೇರ್‌ಗಳು ಕೊಡುವ ಮದ್ದು ‘ಟಾಲರೆನ್ಸ್’. ಇಷ್ಟು ಮಿ.ಮೀ. ಒಳಗೆ ಇರುವ ನೋಡ್‌ಗಳನ್ನೆಲ್ಲ ಒಂದೇ ಎಂದು ಕೂಡಿಸಿಬಿಡು ಅಂತ. 5 ಹಾಕಿದರೆ ನಮ್ಮ ಬೀಮ್ ಬದುಕಿತು. ಕಾಲಂಗಳೂ ಕೂಡಲಿ ಎಂದು 50 ಹಾಕಿದರೆ? 150 ಹಾಕಿದರೆ? ಇಲ್ಲೊಂದು ಹಳೆಯ ಕಹಿ ಘಟನೆ ನೆನಪಾಗುತ್ತದೆ.

1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ಡ್ರಾಯಿಂಗಿನಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದ ಸರಳು ನಾಲ್ಕನೇ ಮಹಡಿಯ ನಡೆದಾರಿಯನ್ನು ಹಾದು ಎರಡನೇ ಮಹಡಿಯದನ್ನು ಹಿಡಿದಿತ್ತು. ಕಾರ್ಖಾನೆಯ ಡ್ರಾಯಿಂಗ್ ಹಂತದಲ್ಲಿ, ಕೂರಿಸಲು ಸುಲಭ ಎಂದು, ಅದನ್ನು ಎರಡು ಸರಳು ಮಾಡಿದರು. ಮೇಲಿನ ಸರಳು ನಾಲ್ಕನೇ ಮಹಡಿಯ ಬೀಮಿಗೆ ನಿಂತಿತು. ಕೆಳಗಿನ ಸರಳು ಅದೇ ಬೀಮಿನಿಂದ, ಕೆಲವೇ ಇಂಚು ಪಕ್ಕದಲ್ಲಿ, ಇಳಿಯಿತು. ಮೊದಲು ಆ ಬೀಮಿನ ಕೆಳಗಿನ ನಟ್ ಒಂದು ನಡೆದಾರಿಯ ಭಾರ ಹೊರಬೇಕಿತ್ತು. ಈಗ ಎರಡರದ್ದು. ಮೂಲ ವಿನ್ಯಾಸವೇ ನಿಯಮ ಕೇಳುವಷ್ಟು ಗಟ್ಟಿ ಇರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ಬದಲಾವಣೆ ಅದರ ಮೇಲೆ ಇನ್ನೊಂದಷ್ಟು ಹೇರಿತು.

ಡ್ರಾಯಿಂಗನ್ನೂ ಲೆಕ್ಕವನ್ನೂ ಸಾಫ್ಟ್‌ವೇರ್ ಜೋಡಿಸಿದ್ದರೆ ಇದು ಸಿಕ್ಕಿಬೀಳುತ್ತಿತ್ತು ಎಂದು ಈ ಘಟನೆಯನ್ನು ಉದಾಹರಿಸುವವರಿದ್ದಾರೆ. ಸ್ವಲ್ಪ ಯೋಚಿಸಿ ನೋಡಿ. ಗೆರೆಗಳ ಮಾಡೆಲ್‌ನಲ್ಲಿ ಒಂದು ಉದ್ದ ಸರಳು ಮೇಲಿನಿಂದ ಕೆಳಗೆ ಒಂದು ಗೆರೆ. ಕೆಲವು ಇಂಚು ಸರಿದ ಎರಡು ಸರಳುಗಳೂ, ಟಾಲರೆನ್ಸ್ ದೊಡ್ಡದಿದ್ದರೆ, ಅದೇ ಒಂದು ಗೆರೆ. ಎರಡರಲ್ಲೂ ಸರಳಿನ ಬಲ ಒಂದೇ. ಬದಲಾದದ್ದು ನಟ್ ಮೇಲಿನ ಭಾರ, ನಟ್ ಈ ಮಾಡೆಲ್‌ನಲ್ಲಿ ಇಲ್ಲವೇ ಇಲ್ಲ. ಮೂರು ಮಿಲಿಮೀಟರಿನ ಬೀಮನ್ನು ಉಳಿಸುವ ಮದ್ದು ಇಲ್ಲಿ ರೋಗವನ್ನೇ ಮುಚ್ಚಿಡುತ್ತದೆ. ಯಾವ ಸಂದಿ ಕೈತಪ್ಪು, ಯಾವ ಸಂದಿ ಉದ್ದೇಶ ಎಂದು ಅಂಕಿಯೊಂದು ತೀರ್ಮಾನಿಸಲಾರದು.

ಈಗ ಬರುತ್ತಿರುವ ದಾರಿಗಳಲ್ಲಿ ನನಗೆ ಹಿಡಿಸಿದ್ದು, ಬ್ಲಾಕ್‌ಗಳನ್ನು ಜೋಡಿಸಿ ಆಕಾರ ಹುಟ್ಟಿಸುವ ಗ್ರಾಸ್‌ಹಾಪರ್ ತರದ್ದು. ಅಲ್ಲಿ ಡ್ರಾಯಿಂಗಿನಿಂದ ಲೆಕ್ಕ ಹುಟ್ಟುವುದಿಲ್ಲ, ಲೆಕ್ಕದಿಂದ ಡ್ರಾಯಿಂಗೂ ಹುಟ್ಟುವುದಿಲ್ಲ. ಎರಡಕ್ಕೂ ತಾಯಿಯಾಗಿ ಒಂದು ಸ್ಕ್ರಿಪ್ಟ್ ಇರುತ್ತದೆ. ಅದರಲ್ಲಿ ಗ್ರಿಡ್ ಬದಲಾಯಿಸಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಕಾರಂಬಾ ಎಂಬ ಪ್ಲಗಿನ್ ಅದರ ಒಳಗೇ ಲೆಕ್ಕ ಮಾಡಿಕೊಡುತ್ತದೆ. ಮೊದಲ ಹಂತದ ಯೋಚನೆಗೆ ಇದು ಅದ್ಭುತ. ಕಟ್ಟಡ ದೊಡ್ಡದಾಗಿ, ಹತ್ತು ಜನ ಕೈಹಾಕಿ, ಒಂದೊಂದು ಮೂಲೆಗೂ ಒಂದೊಂದು ವಿನಾಯಿತಿ ಬಂದಾಗ ಸ್ಕ್ರಿಪ್ಟ್ ಬರೆದವರಿಗೇ ಅರ್ಥವಾಗದ ಹಾಗಾಗುತ್ತದೆ. ಸ್ಪೆಕಲ್, ಬಿಎಚ್‌ಒಎಂ ತರದ ಮುಕ್ತ ಸಾಫ್ಟ್‌ವೇರ್‌ಗಳು ಪೂರ್ತಿ ಫೈಲಿನ ಬದಲು ಒಂದೊಂದೇ ವಸ್ತುವನ್ನು ಕಳಿಸುತ್ತವೆ, ಸ್ಪೆಕಲ್‌ನಲ್ಲಿ ಹಿಂದಿನ ಆವೃತ್ತಿಗೂ ಈಗಿನದಕ್ಕೂ ಏನು ಬದಲಾಯಿತು ಅಂತ ಹೋಲಿಸಿ ನೋಡಲೂಬಹುದು. ಕೊಂಡಿಗಿಂತ ಇದು ಜಾಸ್ತಿ ಮುಖ್ಯ ಎನ್ನುವ ಪಕ್ಷ ನನ್ನದು.

2005ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಸಂಶೋಧಕ ಥಾಮಸ್ ಹ್ಯೂಸ್ ಮತ್ತು ಜೊತೆಗಾರರು ಇನ್ನೂ ಬುಡಕ್ಕೇ ಕೈಹಾಕಿದರು. ಕ್ಯಾಡ್ ಬಾಗಿದ ಮೈ ಬರೆಯಲು ಬಳಸುವ ನರ್ಬ್ಸ್ ಎಂಬ ಗಣಿತವನ್ನೇ ಲೆಕ್ಕಕ್ಕೂ ಬಳಸೋಣ, ನಡುವೆ ಮೆಶ್ (ಆಕಾರವನ್ನು ಪುಟ್ಟ ತುಂಡುಗಳಾಗಿ ಒಡೆಯುವುದು) ಮಾಡುವ ಕೆಲಸವೇ ಬೇಡ ಎನ್ನುವುದು ಅವರ ಪ್ರಸ್ತಾಪ. ಕಾರಿನ ಮೈ, ತೆಳು ಚಿಪ್ಪಿನಂಥ ರಚನೆಗಳಿಗೆ ಇದು ಒಗ್ಗುತ್ತದೆ. ಬೀಮ್-ಕಾಲಂ ಕಟ್ಟಡದ ಕಷ್ಟ ಬೇರೆ. ಅಲ್ಲಿ ತೊಡಕು ವಕ್ರ ಮೈಯದಲ್ಲ, ಜಾಯಿಂಟಿನದು.

ಇನ್ನು ಎಐ. ಡ್ರಾಯಿಂಗ್ ಓದಿ ಅನಾಲಿಸಿಸ್ ಮಾಡೆಲ್ ಕಟ್ಟಿಕೊಡುವ ಪ್ರಯತ್ನಗಳು ಜೋರಾಗಿ ನಡೆಯುತ್ತಿವೆ. ಗೆರೆ ಎಳೆಯುವ ಬೇಸರದ ಕೆಲಸ ತಪ್ಪಿದರೆ ಬೇಡ ಎನ್ನುವವರಾರು? ಆದರೆ ಕೈಯಲ್ಲಿ ಕಟ್ಟಿದ ಮಾಡೆಲ್‌ನಲ್ಲಿ ಎಂಜಿನಿಯರ್ ಒಂದೊಂದು ಜಾಯಿಂಟನ್ನೂ ಒಂದು ಸಲವಾದರೂ ನೋಡಿರುತ್ತಾರೆ. ಎರಡು ನಿಮಿಷದಲ್ಲಿ ಸಿದ್ಧವಾದ ಮಾಡೆಲ್‌ನಲ್ಲಿ ಯಾರೂ ನೋಡಿರುವುದಿಲ್ಲ. ಹಾಗಾಗಿ ಇಂಥ ಟೂಲ್ ಕೊಳ್ಳುವಾಗ ನಾನಾದರೆ ಎಷ್ಟು ವೇಗ ಅಂತ ಕೇಳುವುದಿಲ್ಲ. ಎಲ್ಲೆಲ್ಲಿ ಊಹೆ ಮಾಡಿದ್ದೀಯ, ಪಟ್ಟಿ ಕೊಡು ಅಂತ ಕೇಳುತ್ತೇನೆ. ಯಾವ ನೋಡ್ ಎಷ್ಟು ಸರಿಸಿದೆ, ಯಾವ ಸೆಕ್ಷನ್‌ಗೆ ಬದಲಿ ಹಾಕಿದೆ, ಯಾವ ತುದಿಯನ್ನು ಬಿಗಿ ಎಂದುಕೊಂಡೆ ಅಂತ.

ಆ ಪಟ್ಟಿ ಸಿಗದಿದ್ದರೆ ಹಳೆಯ ಪರೀಕ್ಷೆಗಳೇ ಗತಿ. ಎಲ್ಲರೂ ಮೊದಲು ಮಾಡುವುದು ಒಟ್ಟು ಭಾರದ ತಾಳೆ: ಮೇಲೆ ಹಾಕಿದ್ದು ಎಷ್ಟು, ಬುಡದಲ್ಲಿ ಬಂದದ್ದು ಎಷ್ಟು. ನಮ್ಮ ಬೀಮಿನ ಮೇಲೆ ಒಟ್ಟು 120 ಕಿಲೋನ್ಯೂಟನ್. ಒಂದು ತುದಿ ಕಳಚಿದರೂ ಇನ್ನೊಂದು ಕಾಲಂ ಅಷ್ಟನ್ನೂ ಹೊತ್ತು ಬುಡಕ್ಕೆ ಇಳಿಸುತ್ತದೆ. ತಾಳೆ ಪೂರ್ತಿ ಸರಿ ಬರುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಅದನ್ನು ಹಿಡಿಯುವುದು ಬಾಗಿದ ಆಕಾರದ ಚಿತ್ರ.

ಬಾಗನ್ನು ಕಡೆಗಣಿಸಿದರೆ ಏನಾಗುತ್ತದೆ? 1978ರ ಜನವರಿ 18ರ ಬೆಳಗಿನ ಜಾವ ಅಮೆರಿಕದ ಹಾರ್ಟ್‌ಫರ್ಡ್ ಸಿವಿಕ್ ಸೆಂಟರಿನ ವಿಶಾಲ ಚಾವಣಿ ಹಿಮದ ಭಾರಕ್ಕೆ ಕುಸಿಯಿತು. ಕೆಲವು ಗಂಟೆ ಮುಂಚೆ ಸುಮಾರು ಐದು ಸಾವಿರ ಜನ ಅದರ ಕೆಳಗೆ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದರು, ಕುಸಿಯುವಾಗ ಒಳಗೆ ಯಾರೂ ಇರಲಿಲ್ಲ. ಚಾವಣಿಯ ಸಲಾಕೆಗಳನ್ನು ನಡುವೆ ಚೆನ್ನಾಗಿ ಹಿಡಿದಿದೆ ಎಂದು ಕಂಪ್ಯೂಟರ್ ಮಾಡೆಲ್ ಅಂದುಕೊಂಡಿತ್ತು. ನಿಜವಾದ ಜಾಯಿಂಟ್ ಸ್ವಲ್ಪ ಪಕ್ಕಕ್ಕಿತ್ತು, ಹಿಡಿತ ಅಷ್ಟಿರಲಿಲ್ಲ. ಕಟ್ಟುವಾಗಲೇ ಚಾವಣಿ ಲೆಕ್ಕ ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಬಾಗಿತ್ತು. ಅಳೆದವರು ಹೇಳಿಯೂ ಇದ್ದರು. ಲೆಕ್ಕದ ಕಡೆಯವರು ಅಷ್ಟು ವ್ಯತ್ಯಾಸ ಇರುವುದೇ ಎಂದು ಬಿಟ್ಟರು.

ಕಳಚಿದ ಬೀಮ್ ಬಾಗುವುದು 48 ಪಟ್ಟು. ಲೆಕ್ಕ ಓಡಿಸಿ, ಬಾಗಿದ ಆಕಾರ ತೆರೆದು, ಅಳತೆಯನ್ನು ನೂರು ಪಟ್ಟು ಹಿಗ್ಗಿಸಿ, ಆ್ಯನಿಮೇಶನ್ ಒತ್ತಿ. ಎಲ್ಲ ಬೀಮ್‌ಗಳೂ ನಡುವಲ್ಲಿ ತುಸು ಜಗ್ಗುತ್ತಿರುವಾಗ ಒಂದು ಮಾತ್ರ ಮುರಿದ ರೆಂಬೆ ತರ ತುದಿಯಲ್ಲಿ ಜೋಲಾಡುತ್ತಿರುತ್ತದೆ.